ಓಡುವುದಕ್ಕೆ ಮುನ್ನ ನಿಲ್ಲುವುದು

ಈ ವರ್ಷದ ಸ್ಮರಣ ಸಂಚಿಕೆಗೆ ಒಂದು ಲೇಖನ ಬೇಕೆಂದು ನಮ್ಮ ಸಂಘದ ಕಾರ್ಯದರ್ಶಿಗಳು ಕೇಳಿದಾಗ, ಎಂದಿನಂತೆ ಹಿರಿಯ ನಾಗರಿಕರ ಠೇವಣಿಯ ಕುರಿತೋ, ನಾಮನಿರ್ದೇಶನದ ಅಗತ್ಯದ ಕುರಿತೋ ನಾಲ್ಕು ಪುಟ ಬರೆದುಕೊಟ್ಟು ಮುಗಿಸಬೇಕೆಂದಿದ್ದೆ. ಆದರೆ ಕಳೆದ ಎರಡು ಮೂರು ವರ್ಷಗಳಿಂದ ನನ್ನ ಭಾನುವಾರಗಳನ್ನೆಲ್ಲ ಕಬಳಿಸಿದ ವಿಷಯ ಬೇರೊಂದಿರುವಾಗ, ಅದನ್ನು ಬಿಟ್ಟು ಠೇವಣಿಯ ಬಡ್ಡಿದರವನ್ನು ವಿವರಿಸಲು ಮನಸ್ಸಾಗಲಿಲ್ಲ. ಮಧುಮೇಹ, ರಕ್ತದೊತ್ತಡ, ಮಂಡಿನೋವುಗಳನ್ನು ಕುರಿತ ವೈದ್ಯರ ಲೇಖನಗಳ ನಡುವೆ, ಹಳೆಯ ಅಮೆರಿಕನ್ ಕಾರೊಂದನ್ನು ಬಿಚ್ಚಿ ಡ್ರ್ಯಾಗ್ ರೇಸ್ ಕಾರನ್ನಾಗಿ ಮಾಡಿದ ವೃತ್ತಾಂತಕ್ಕೆ ಸ್ಥಾನವೆಲ್ಲಿ ಎಂದು ವಾಚಕರು ಕೇಳಬಹುದು. ಕೊನೆಯವರೆಗೆ ಓದಿದರೆ ಇದೂ ಒಂದು ಬಗೆಯ ಆರೋಗ್ಯದ ಲೇಖನವೇ ಎಂದು ಅವರಿಗೆ ತೋರಬಹುದೆಂಬ ಭರವಸೆ ನನಗಿದೆ. ನಾನು ವಾಣಿಜ್ಯಶಾಸ್ತ್ರದ ಪದವೀಧರ. ಯಂತ್ರವಿದ್ಯೆ ನನ್ನ ಕ್ಷೇತ್ರವಲ್ಲ. ನೋಡಿದ್ದನ್ನು, ಕೇಳಿ ತಿಳಿದದ್ದನ್ನು, ಲೆಕ್ಕ ಬರೆದಿಟ್ಟದ್ದನ್ನು ಮಾತ್ರ ಇಲ್ಲಿ ಹೇಳುತ್ತೇನೆ.

ಮಾವನವರ ಷೆವರ್ಲೆ

ನನ್ನ ಪತ್ನಿಯ ತಂದೆಯವರು 1961ರಲ್ಲಿ ಚಿಕ್ಕಮಗಳೂರಿನ ಕಾಫಿ ತೋಟದ ಮಾಲೀಕರೊಬ್ಬರಿಂದ 1948ರ ಷೆವರ್ಲೆ ಫ್ಲೀಟ್‌ಮಾಸ್ಟರ್ ಕಾರೊಂದನ್ನು ಕೊಂಡರು. ಆ ಕಾಲದಲ್ಲಿ ಮಲೆನಾಡಿನ ತೋಟಗಾರರಿಗೆ ಅಮೆರಿಕನ್ ಕಾರುಗಳ ಮೇಲೆ ಬಹಳ ಮೋಹ. ಜನರಲ್ ಮೋಟರ್ಸ್ ಸಂಸ್ಥೆಯು 1928ರಿಂದ 1954ರವರೆಗೆ ಮುಂಬಯಿಯ ಶಿವಡಿಯಲ್ಲಿ ಕಾರುಗಳನ್ನು ಜೋಡಿಸುವ ಕಾರ್ಖಾನೆಯನ್ನು ನಡೆಸುತ್ತಿತ್ತು. ತಮ್ಮ ಕಾರು ಅಲ್ಲಿಯೇ ಜೋಡಣೆಯಾದದ್ದೆಂದು ಮಾವನವರು ಹೆಮ್ಮೆಯಿಂದ ಹೇಳುತ್ತಿದ್ದರು. 1964ರಲ್ಲಿ ಉದ್ಯೋಗ ನಿಮಿತ್ತ ಅವರು ಮದ್ರಾಸಿಗೆ ಬಂದಾಗ ಕಾರೂ ಅವರೊಡನೆ ಬಂದಿತು. ಬೇಸಿಗೆ ರಜೆಯಲ್ಲಿ ರಾಣಿಪೇಟೆ, ಚಿತ್ತೂರು, ಪಲಮನೇರು, ಮುಳಬಾಗಿಲು, ಕೋಲಾರಗಳ ಹಾದಿಯಾಗಿ ಬೆಂಗಳೂರಿಗೆ ಆ ಕಾರಿನಲ್ಲಿಯೇ ಮನೆಮಂದಿಯೆಲ್ಲ ಹೋಗುತ್ತಿದ್ದರಂತೆ. ಹಿಂದಿನ ಆಸನದಲ್ಲಿ ಐವರು ಮಕ್ಕಳು, ಅವರ ಕಾಲಬುಡದಲ್ಲಿ ಉಪ್ಪಿನಕಾಯಿಯ ಜಾಡಿ.

ಮಾವನವರಿಗೆ ಮೋಟಾರು ಪಂದ್ಯಗಳನ್ನು ನೋಡುವ ಚಪಲವೂ ಇತ್ತು. ನಗರದ ಉತ್ತರಕ್ಕೆ, ಕೋಲ್ಕತ್ತದ ಹೆದ್ದಾರಿಯಲ್ಲಿರುವ ಶೋಲಾವರಂ ಎಂಬಲ್ಲಿ ಎರಡನೆಯ ಮಹಾಯುದ್ಧ ಕಾಲದ ಒಂದು ವಿಮಾನ ಪಥವಿದೆ. 1953ರಲ್ಲಿ ಸ್ಥಾಪಿತವಾದ ಮದ್ರಾಸ್ ಮೋಟರ್ ಸ್ಪೋರ್ಟ್ಸ್ ಕ್ಲಬ್ಬಿನವರು ಆ ಪಥದ ಮೇಲೆ ವರ್ಷ ವರ್ಷವೂ ಪಂದ್ಯಗಳನ್ನು ನಡೆಸುತ್ತಿದ್ದರು. ವಿದೇಶೀ ಕಾರುಗಳ ಆಮದಿಗೆ ಬಿಗಿಯಾದ ನಿರ್ಬಂಧವಿದ್ದ ದಿನಗಳವು. ಆದುದರಿಂದ ಫಿಯಟ್, ಸ್ಟ್ಯಾಂಡರ್ಡ್ ಹೆರಾಲ್ಡ್, ಅಂಬಾಸಿಡರ್‌ಗಳಂತಹ ಮನೆಬಳಕೆಯ ಕಾರುಗಳನ್ನೇ ಹಗುರ ಮಾಡಿ, ಎಂಜಿನ್ನನ್ನು ತಿದ್ದಿ ಓಡಿಸುವ ಒಂದು ತಲೆಮಾರಿನ ಕುಶಲಿಗಳು ಇಲ್ಲಿ ಬೆಳೆದರು. ಇದ್ದುದರಲ್ಲಿಯೇ ಹೊಸದನ್ನು ಮಾಡುವ ಆ ವಿದ್ಯೆ ಚೆನ್ನೈಗೆ ಹೊಸತಲ್ಲ. 1990ರಲ್ಲಿ ಶ್ರೀಪೆರುಂಬುದೂರಿನ ಬಳಿ ಇರುಂಗಾಟ್ಟುಕೋಟ್ಟೈಯಲ್ಲಿ ಸುಮಾರು 3.7 ಕಿಲೋಮೀಟರ್ ಉದ್ದದ ಶಾಶ್ವತ ಪಥ ಸಿದ್ಧವಾದ ಮೇಲೆ ಪಂದ್ಯಗಳು ಅಲ್ಲಿಗೆ ಹೋದವು. ಮಾವನವರ ಪೆಟ್ಟಿಗೆಯಲ್ಲಿ ಶೋಲಾವರಂ ಪಂದ್ಯದ ಪ್ರವೇಶ ಚೀಟಿಗಳು ಇಂದಿಗೂ ಇವೆ.

1988ರಿಂದ ಕಾರು ಷೆಡ್ಡಿನಲ್ಲಿಯೇ ನಿಂತಿತು. ಮಾವನವರು 2009ರಲ್ಲಿ ತೀರಿಕೊಂಡರು. 2015ರ ಡಿಸೆಂಬರಿನಲ್ಲಿ ಅಡ್ಯಾರು ನದಿ ಉಕ್ಕಿ ಹರಿದಾಗ ಜಾಫರ್‌ಖಾನ್‌ಪೇಟೆಯ ಅವರ ಮನೆಯೂ ಮುಳುಗಿತು. ಆ ದಿನಗಳನ್ನು ಈ ನಗರದ ಕನ್ನಡಿಗರಿಗೆ ನಾನು ವಿವರಿಸಬೇಕಾಗಿಲ್ಲ. ನಮ್ಮತ್ತೆಯವರನ್ನು ದೋಣಿಯಲ್ಲಿ ಕರೆತಂದೆವು. ಕಾರು ಮೂರು ದಿನ ಕೆಸರು ನೀರಿನಲ್ಲಿ ನಿಂತಿತು. ನೀರಿಳಿದ ಮೇಲೆ ಅದರ ಎಂಜಿನ್ ತಿರುಗಲಿಲ್ಲ. ನೆಲದ ತಗಡು ತುಕ್ಕು ಹಿಡಿದು, ಬೆರಳಿನಿಂದ ಒತ್ತಿದರೆ ತೂತಾಗುವ ಸ್ಥಿತಿಗೆ ಬಂದಿತು.

ಒಂದು ರಾತ್ರಿಯ ದೂರವಾಣಿ

ಹುಬ್ಬಳ್ಳಿಯಲ್ಲಿರುವ ನನ್ನ ತಂಗಿಯ ಮಗ ಚೆನ್ನೈಯ ಕಾಲೇಜೊಂದರಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಿದ್ದನು. 2022ರ ಜನವರಿಯ ಒಂದು ರಾತ್ರಿ ಎರಡು ಗಂಟೆಗೆ ಆಸ್ಪತ್ರೆಯೊಂದರಿಂದ ಅವನ ಕರೆ ಬಂದಿತು. ಪೂರ್ವ ಕರಾವಳಿ ರಸ್ತೆಯಲ್ಲಿ ಗೆಳೆಯರಿಬ್ಬರೂ ಪಂದ್ಯ ಕಟ್ಟಿ ಬೈಕ್ ಓಡಿಸಿದ್ದರು. ಗೆಳೆಯನ ಬೈಕು ರಸ್ತೆಯ ನಡುವಿನ ಕಟ್ಟೆಗೆ ಬಡಿದು, ತೊಡೆಯ ಮೂಳೆ ಎರಡು ಕಡೆ ಮುರಿದು, ಬಹಳ ರಕ್ತ ಹೋಗಿತ್ತು. ನನ್ನ ಸೋದರಳಿಯನಿಗೆ ಮೊಣಕೈ ತರಚಿದ್ದಲ್ಲದೆ ಬೇರೇನೂ ಆಗಿರಲಿಲ್ಲ. ಅವನ ಆ ಬೈಕಿನ ಸಾಲಕ್ಕೆ ಜಾಮೀನು ಹಾಕಿದವನು ನಾನೇ. ಸಾಲಗಾರನ ಆದಾಯ, ಮರುಪಾವತಿಯ ಸಾಮರ್ಥ್ಯ, ವಿಮೆ ಎಲ್ಲವನ್ನೂ ಪರಿಶೀಲಿಸಿ ಸಹಿ ಹಾಕಿದ್ದೆ. ಹುಡುಗನು ರಾತ್ರಿ ಹನ್ನೆರಡರ ಮೇಲೆ ಆ ಬೈಕಿನಲ್ಲಿ ಎಲ್ಲಿಗೆ ಹೋಗುತ್ತಾನೆ ಎಂಬುದನ್ನು ಮಾತ್ರ ಕೇಳಿರಲಿಲ್ಲ.

ವಾಚಕರ ಉಪಯೋಗಕ್ಕಾಗಿ ಇಲ್ಲಿ ಒಂದು ಮಾತು ಸೇರಿಸುತ್ತೇನೆ. ತಮಿಳುನಾಡು ಸರ್ಕಾರವು 2021ರ ಡಿಸೆಂಬರಿನಲ್ಲಿ ಆರಂಭಿಸಿದ ‘ಇನ್ನುಯಿರ್ ಕಾಪ್ಪೋಂ’ ಯೋಜನೆಯ ಪ್ರಕಾರ, ರಾಜ್ಯದ ಗಡಿಯೊಳಗೆ ರಸ್ತೆ ಅಪಘಾತಕ್ಕೀಡಾದವರಿಗೆ, ಅವರು ಯಾವ ರಾಜ್ಯದವರಾದರೂ ಸರಿ, ಮೊದಲ 48 ಗಂಟೆಗಳ ತುರ್ತು ಚಿಕಿತ್ಸೆ ನಿಗದಿತ ಆಸ್ಪತ್ರೆಗಳಲ್ಲಿ ನಿಯತ ಮಿತಿಯವರೆಗೆ ಉಚಿತ. ಹೊರ ರಾಜ್ಯದವರೆಂದು ಹಿಂಜರಿಯಬೇಕಾಗಿಲ್ಲ. 108ಕ್ಕೆ ಕರೆ ಮಾಡಿ ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರಿಗೆ ಕಾನೂನಿನ ರಕ್ಷಣೆಯೂ ಇದೆ.

ಆ ಹುಡುಗ ಬದುಕಿದ. ಮೂರು ಶಸ್ತ್ರಚಿಕಿತ್ಸೆಗಳಾದವು, ಇಂದಿಗೂ ಸ್ವಲ್ಪ ಕುಂಟಿ ನಡೆಯುತ್ತಾನೆ. ನನ್ನ ಸೋದರಳಿಯನಿಗೆ ನಾನು ಉಪದೇಶ ಮಾಡಿದೆ, ಗದರಿಸಿದೆ, ಬೈಕನ್ನು ಮಾರಿಸಿದೆ. ತಲೆ ತಗ್ಗಿಸಿಕೊಂಡು ಎಲ್ಲವನ್ನೂ ಕೇಳಿದ ಅವನು ಕೊನೆಗೆ, “ಮಾವಾ, ವೇಗ ಬೇಡವೆನ್ನುತ್ತೀರಿ. ಬೇಡವೆಂದರೆ ಮನಸ್ಸಿನಿಂದ ಹೋಗುತ್ತದೆಯೇ?” ಎಂದನು. ನನ್ನಲ್ಲಿ ಉತ್ತರವಿರಲಿಲ್ಲ. ಕೆಲವು ತಿಂಗಳ ನಂತರ ಅಜ್ಜಿಯ ಮನೆಯ ಷೆಡ್ಡಿನಲ್ಲಿ ಧೂಳು ಹಿಡಿದಿದ್ದ ಷೆವರ್ಲೆಯನ್ನು ತೋರಿಸಿ, ಅದನ್ನು ಡ್ರ್ಯಾಗ್ ರೇಸ್ ಕಾರನ್ನಾಗಿ ಮಾಡಲು ಅನುಮತಿ ಕೇಳಿದನು.

402 ಮೀಟರುಗಳ ಆಟ

ಡ್ರ್ಯಾಗ್ ರೇಸ್ ಎಂದರೆ ಎರಡು ವಾಹನಗಳು ನಿಂತ ನೆಲೆಯಿಂದ ಹೊರಟು, ನೇರವಾದ ಪಥದಲ್ಲಿ ಕಾಲು ಮೈಲಿ, ಅಂದರೆ ಸುಮಾರು 402 ಮೀಟರ್ ದೂರವನ್ನು ಯಾವುದು ಮೊದಲು ಕ್ರಮಿಸುವುದೆಂದು ನೋಡುವ ಸ್ಪರ್ಧೆ. ತಿರುವುಗಳಿಲ್ಲ, ಸುತ್ತುಗಳಿಲ್ಲ. ಒಂದು ಕಂಬದಲ್ಲಿ ಹಳದಿ ದೀಪಗಳು ಹೊತ್ತಿ, ಬಳಿಕ ಹಸಿರು ಬಂದಾಗ ಹೊರಡಬೇಕು. ಮೊದಲೇ ಹೊರಟರೆ ಕೆಂಪು ದೀಪ ಹೊತ್ತಿ ಸ್ಪರ್ಧಿ ಅನರ್ಹನಾಗುತ್ತಾನೆ.

ಇದರ ಇತಿಹಾಸವನ್ನು ಓದಿದಾಗ ನನಗೆ ಆಶ್ಚರ್ಯವಾಯಿತು. ಯುದ್ಧ ಮುಗಿದ ಮೇಲೆ ಅಮೆರಿಕೆಯ ಕ್ಯಾಲಿಫೋರ್ನಿಯಾದ ಹುಡುಗರು ಹಳೆಯ ಫೋರ್ಡ್, ಷೆವರ್ಲೆಗಳನ್ನು ತಿದ್ದಿ ಸಾರ್ವಜನಿಕ ರಸ್ತೆಗಳಲ್ಲಿ ರಾತ್ರಿ ಪಂದ್ಯ ಕಟ್ಟುತ್ತಿದ್ದರು. ಪೊಲೀಸರು ಹಿಡಿಯುವುದು, ಪತ್ರಿಕೆಗಳು ಖಂಡಿಸುವುದು, ಹುಡುಗರು ಸಾಯುವುದು ನಡೆದೇ ಇತ್ತು. 1950ರಲ್ಲಿ ಸಾಂಟಾ ಆನಾ ಎಂಬ ಊರಿನ ವಿಮಾನ ನಿಲ್ದಾಣದ ಪಥದಲ್ಲಿ ವ್ಯವಸ್ಥಿತ ಪಂದ್ಯಗಳು ಆರಂಭವಾದವು. 1951ರಲ್ಲಿ ವಾಲಿ ಪಾರ್ಕ್ಸ್ ಎಂಬುವರು ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಎಂಬ ಸಂಸ್ಥೆಯನ್ನು ಕಟ್ಟಿದರು. ಅದರ ಮುಖ್ಯ ಉದ್ದೇಶ ಹುಡುಗರನ್ನು ರಸ್ತೆಯಿಂದ ಒಳಕ್ಕೆ ಕರೆತರುವುದು. 1953ರಲ್ಲಿ ಪೊಮೋನಾ ಜಾತ್ರೆ ಮೈದಾನದಲ್ಲಿ ಅದರ ಮೊದಲ ಅಧಿಕೃತ ಸ್ಪರ್ಧೆ ನಡೆಯಿತು. 1954ರಿಂದ ‘ಸೇಫ್ಟಿ ಸಫಾರಿ’ ಎಂಬ ಹೆಸರಿನಲ್ಲಿ ಕೆಲವು ಮಂದಿ ಊರಿಂದೂರಿಗೆ ಹೋಗಿ, ಸುರಕ್ಷಿತವಾಗಿ ಪಂದ್ಯ ನಡೆಸುವುದನ್ನು ಕಲಿಸಿದರು. 1955ರ ಮೊದಲ ರಾಷ್ಟ್ರೀಯ ಸ್ಪರ್ಧೆ ನಡೆದದ್ದು ಕ್ಯಾನ್ಸಾಸಿನ ಗ್ರೇಟ್ ಬೆಂಡ್ ಎಂಬಲ್ಲಿನ ವಿಮಾನ ಪಥದ ಮೇಲೆ. ನಮ್ಮ ಶೋಲಾವರಂ ಪಥಕ್ಕೂ ಆ ಪಥಕ್ಕೂ ಎಷ್ಟು ಹೋಲಿಕೆ ನೋಡಿ!

ನಿಲ್ಲಿಸುವುದು ಓಡಿಸುವುದಕ್ಕಿಂತ ಕಷ್ಟವೆಂಬುದಕ್ಕೆ ಈ ಆಟದ ಇತಿಹಾಸದಲ್ಲಿಯೇ ಸಾಕ್ಷಿಗಳಿವೆ. 1970ರಲ್ಲಿ ಡಾನ್ ಗಾರ್ಲಿಟ್ಸ್ ಎಂಬ ಪ್ರಸಿದ್ಧ ಚಾಲಕನ ಮುಂಭಾಗದಲ್ಲಿದ್ದ ಗೇರು ಯಂತ್ರ ಸಿಡಿದು ಅವನ ಬಲಪಾದದ ಒಂದು ಭಾಗ ಹೋಯಿತು. ಅವನು ಆಟವನ್ನು ಬಿಡಲಿಲ್ಲ. ಎಂಜಿನ್ನನ್ನು ಚಾಲಕನ ಹಿಂದಕ್ಕೆ ಸ್ಥಳಾಂತರಿಸಿದ ಹೊಸ ವಿನ್ಯಾಸವನ್ನು ರೂಪಿಸಿ 1971ರಲ್ಲಿ ಗೆದ್ದನು. ಕ್ರಮೇಣ ಆ ವರ್ಗದ ಎಲ್ಲರೂ ಅದನ್ನೇ ಅನುಸರಿಸಿದರು. 2008ರಲ್ಲಿ ಸ್ಕಾಟ್ ಕಲಿಟ್ಟಾ ಎಂಬ ಚಾಲಕನು ಪಥದ ಕೊನೆಯಲ್ಲಿ ಕಾರು ನಿಲ್ಲದೆ ಮೃತನಾದ ಮೇಲೆ, ಅತಿವೇಗದ ವರ್ಗಗಳ ಓಟವನ್ನು ಕಾಲು ಮೈಲಿಯಿಂದ 1,000 ಅಡಿಗೆ ಇಳಿಸಿದರು.

ಕಾಗದ ಪತ್ರಗಳು

ಬ್ಯಾಂಕಿನವನಾದ ನಾನು ಮೊದಲು ನೋಡಿದ್ದು ಕಾಗದಗಳನ್ನು. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರವು ಹೊರಡಿಸಿದ ನಿಯಮಗಳ ಪ್ರಕಾರ, 50 ವರ್ಷಕ್ಕಿಂತ ಹಳೆಯದಾದ, ಮೂಲ ಸ್ವರೂಪದಲ್ಲಿಯೇ ಉಳಿಸಿಕೊಂಡ ವಾಹನಗಳಿಗೆ ‘ವಿಂಟೇಜ್’ ಎಂಬ ಪ್ರತ್ಯೇಕ ನೋಂದಣಿ ದೊರೆಯುತ್ತದೆ. ಚಾಸಿಸ್, ಬಾಡಿ, ಎಂಜಿನ್‌ಗಳನ್ನು ಬದಲಿಸಿದರೆ ಆ ಅರ್ಹತೆ ಹೋಗುತ್ತದೆ. ಇನ್ನೊಂದೆಡೆ, ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣವು ತಯಾರಕರ ಮೂಲ ನಿರ್ದೇಶಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸಿ ರಸ್ತೆಗೆ ತರುವುದನ್ನು ನಿಷೇಧಿಸುತ್ತದೆ. ಅಂದಮೇಲೆ ಇರುವುದು ಎರಡೇ ದಾರಿ. ಕಾರನ್ನು ಇದ್ದಂತೆಯೇ ಉಳಿಸಿ ಗೌರವಿಸಬೇಕು. ಇಲ್ಲವೇ ಅದು ಇನ್ನೆಂದಿಗೂ ಸಾರ್ವಜನಿಕ ರಸ್ತೆಗೆ ಇಳಿಯಲಾಗದೆಂದು ಒಪ್ಪಿ, 55ನೆಯ ಪ್ರಕರಣದಂತೆ ನೋಂದಣಿಯನ್ನು ರದ್ದುಪಡಿಸಿಕೊಳ್ಳಬೇಕು.

ಸುಸ್ಥಿತಿಯಲ್ಲಿರುವ ಹಳೆಯ ಕಾರೊಂದನ್ನು ರೇಸಿಗಾಗಿ ಕತ್ತರಿಸುವುದನ್ನು ನಾನು ಎಂದಿಗೂ ಬೆಂಬಲಿಸೆನು; ಅದು ಹಳೆಯ ತಾಳೆಗರಿಯಿಂದ ಬೀಸಣಿಗೆ ಮಾಡಿದಂತೆ. ಆದರೆ ನಮ್ಮ ಕಾರನ್ನು ಪರೀಕ್ಷಿಸಿದ ಹಿರಿಯ ಕುಶಲಿಯೊಬ್ಬರು, ನೆಲ, ಬಾಗಿಲ ಬುಡ, ಎಂಜಿನ್ ಮೂರೂ ಹೋಗಿವೆ, ಮೂಲಸ್ಥಿತಿಗೆ ತರಲು ಹಲವಾರು ಲಕ್ಷ ಬೇಕು ಎಂದರು. ತೀರ್ಮಾನವನ್ನು ಅತ್ತೆಯವರಿಗೆ ಬಿಟ್ಟೆವು. ಅವರು ಬಹಳ ಹೊತ್ತು ಯೋಚಿಸಿ, “ಷೆಡ್ಡಿನಲ್ಲಿ ತುಕ್ಕು ತಿನ್ನುವುದನ್ನು ನೋಡುತ್ತಾ ಏಳು ವರ್ಷ ಕಳೆದೆ. ಮಗು ರಸ್ತೆಗೆ ಹೋಗುವುದಿಲ್ಲವೆಂದರೆ ತೆಗೆದುಕೊಳ್ಳಲಿ. ಸ್ಟಿಯರಿಂಗ್ ಚಕ್ರ ಮಾತ್ರ ಮನೆಯಲ್ಲಿರಲಿ,” ಎಂದರು. ಅದು ಈಗ ಮಾವನವರ ಭಾವಚಿತ್ರದ ಕೆಳಗೆ ಇದೆ.

ನಾನು ಒಂದು ಷರತ್ತನ್ನು ಹಾಕಿದೆ. ಗೃಹನಿರ್ಮಾಣದ ಸಾಲವನ್ನು ಬ್ಯಾಂಕು ಹಂತ ಹಂತವಾಗಿ ಬಿಡುಗಡೆ ಮಾಡುವಂತೆ ಹಣ ಕೊಡುತ್ತೇನೆ. ಮೊದಲು ಚಾಲಕನನ್ನು ಕಾಪಾಡುವ ಪಂಜರ, ಬಳಿಕ ಬ್ರೇಕು, ಎಲ್ಲಕ್ಕೂ ಕೊನೆಯಲ್ಲಿ ಎಂಜಿನ್. ಹುಡುಗನ ಮುಖ ಸಣ್ಣದಾಯಿತು. ಆದರೂ ಒಪ್ಪಿದನು. 2022ರ ಜೂನಿನಲ್ಲಿ ಕೆಲಸ ಆರಂಭವಾಯಿತು.

ಬಿಚ್ಚುವಾಗಿನ ಎಚ್ಚರಿಕೆಗಳು

ಹಳೆಯ ಕಾರನ್ನು ಬಿಚ್ಚುವುದರಲ್ಲಿ ಆರೋಗ್ಯಕ್ಕೆ ಅಪಾಯಗಳಿವೆಯೆಂಬುದು ನನಗೆ ತಿಳಿದಿರಲಿಲ್ಲ. ಹಳೆಯ ಬ್ರೇಕ್ ಲೈನಿಂಗ್, ಕ್ಲಚ್ ಫಲಕಗಳಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಇರುತ್ತದೆ. ಅದರ ಧೂಳು ಶ್ವಾಸಕೋಶಕ್ಕೆ ಸೇರಿದರೆ 20, 30 ವರ್ಷಗಳ ನಂತರವೂ ರೋಗವಾಗಿ ಕಾಣಿಸಿಕೊಳ್ಳಬಹುದು. ಗ್ಯಾರೇಜಿನ ಹುಡುಗರು ಗಾಳಿಯ ಕೊಳವೆಯಿಂದ ಬ್ರೇಕ್ ಡ್ರಮ್ಮಿನ ಧೂಳನ್ನು ಊದುವುದನ್ನು ನಾವೆಲ್ಲ ನೋಡಿದ್ದೇವೆ. ಅದು ಸರ್ವಥಾ ಕೂಡದು. ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿಡಬೇಕು. ಆ ಕಾಲದ ಬಣ್ಣದಲ್ಲಿಯೂ ತಗಡಿನ ಸಂದುಗಳಿಗೆ ತುಂಬಿದ ಲೋಹದಲ್ಲಿಯೂ ಸೀಸವಿರುತ್ತದೆ. ಬಣ್ಣವನ್ನು ಒಣದಾಗಿ ಉಜ್ಜಬಾರದು. ಕೆಲಸದ ಬಟ್ಟೆಯಲ್ಲಿ ಮಕ್ಕಳನ್ನು ಎತ್ತಿಕೊಳ್ಳಬಾರದು.

ಬೆಸುಗೆಯ ಬೆಳಕನ್ನು ಬರಿಗಣ್ಣಿನಿಂದ ನೋಡಿದರೆ ಆಗ ಏನೂ ತೋರುವುದಿಲ್ಲ. ಕೆಲವು ಗಂಟೆಗಳ ಮೇಲೆ ಕಣ್ಣಿನಲ್ಲಿ ಮರಳು ಹೊಯ್ದಂತೆ ಉರಿಯುತ್ತದೆ. ಆಗ ಆಲೂಗೆಡ್ಡೆಯ ಹೋಳಿಡುವ ಬದಲು ಕಣ್ಣಿನ ವೈದ್ಯರಲ್ಲಿಗೆ ಹೋಗಬೇಕು. ಕಾರಿನ ಅಡಿಗೆ ಹೋಗುವವರು ಜ್ಯಾಕನ್ನೊಂದೇ ನಂಬಬಾರದು. ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಕಾರನ್ನು ಕೂರಿಸಿದ ನಂತರವೇ ಹೋಗಬೇಕು. ಮುಚ್ಚಿದ ಷೆಡ್ಡಿನಲ್ಲಿ ಎಂಜಿನ್ ಓಡಿಸಿದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಾಸನೆಯಿಲ್ಲದ ಅನಿಲ ಪ್ರಾಣವನ್ನೇ ತೆಗೆಯಬಹುದು. ಈ ಮಾತುಗಳು ರೇಸಿನವರಿಗಷ್ಟೇ ಅಲ್ಲ. ಅಂಬತ್ತೂರು, ಗಿಂಡಿ, ಪಾಡಿಗಳ ಕಾರ್ಖಾನೆಗಳಲ್ಲಿ ದುಡಿಯುವ ನಮ್ಮವರೆಲ್ಲರಿಗೂ ಅನ್ವಯಿಸುತ್ತವೆ.

ಪುದುಪೇಟೆಯ ಯಾತ್ರೆ

ಹಳೆಯ ಎಂಜಿನ್ನನ್ನು ಬಿಚ್ಚಿದಾಗ ಒಂದು ಸಂಗತಿ ತಿಳಿಯಿತು. ಆರು ಸಿಲಿಂಡರಿನ, ಸುಮಾರು 3.5 ಲೀಟರಿನ ಆ ಎಂಜಿನ್ ಹೊಸದಾಗಿದ್ದಾಗ 90 ಅಶ್ವಶಕ್ತಿ ಕೊಡುತ್ತಿತ್ತು. ಅದರ ಕನೆಕ್ಟಿಂಗ್ ರಾಡುಗಳ ಬೇರಿಂಗಿಗೆ ಬ್ಯಾಬಿಟ್ ಎಂಬ ಮೃದು ಲೋಹವನ್ನು ಎರಕ ಹೊಯ್ದಿರುತ್ತಾರೆ. ರಾಡಿನ ತುದಿಯಲ್ಲಿರುವ ಚಮಚದಂತಹ ಅಂಗವೊಂದು ಸುತ್ತು ಸುತ್ತಿಗೂ ಎಣ್ಣೆಯನ್ನು ಎತ್ತಿಕೊಳ್ಳುತ್ತದೆ. ಸಂಸಾರವನ್ನು ಬೆಂಗಳೂರಿಗೆ ನಿಧಾನವಾಗಿ ಕರೆದೊಯ್ಯಲು ಇದು ಧಾರಾಳ ಸಾಕು. ಬಲವಂತವಾಗಿ ಓಡಿಸಿದರೆ ಬೇರಿಂಗು ಕರಗಿ ರಾಡು ಮುರಿಯುತ್ತದೆ. ಅಮೆರಿಕೆಯ ಹುಡುಗರೂ ಹಲವರು ಈ ಎಂಜಿನ್ನನ್ನು ತೆಗೆದು ಬೇರೆಯದನ್ನು ಹಾಕುತ್ತಿದ್ದರು. 1955ರಲ್ಲಿ ಷೆವರ್ಲೆಯ ವಿ-8 ಎಂಜಿನ್ ಬಂದ ಮೇಲೆ ಅದೇ ಅವರ ಅಚ್ಚುಮೆಚ್ಚಿನದಾಯಿತು. ನಮಗೆ ಅದು ಎಟುಕುವಂತಹುದಲ್ಲ.

ಆದುದರಿಂದ ಪುದುಪೇಟೆಗೆ ಹೋದೆವು. ಎಗ್ಮೋರಿನ ಬಳಿ, ಕೂವಂ ನದಿಯ ಪಕ್ಕದ ಆ ಬೀದಿಗಳಲ್ಲಿ ಹಳೆಯ ವಾಹನಗಳನ್ನು ಬಿಚ್ಚಿ ಅಂಗಾಂಗಗಳನ್ನು ಮಾರುವ ಅಂಗಡಿಗಳು ಸಾಲಾಗಿವೆ. ಒಂದರಲ್ಲಿ ಬರಿ ಬಾಗಿಲುಗಳು, ಇನ್ನೊಂದರಲ್ಲಿ ಬರಿ ದೀಪಗಳು, ಮತ್ತೊಂದರಲ್ಲಿ ಆಳೆತ್ತರಕ್ಕೆ ಪೇರಿಸಿದ ಗೇರು ಪೆಟ್ಟಿಗೆಗಳು. ಮಾಲಿನ ಮೂಲದ ಪತ್ರವನ್ನು ಕೇಳದೆ ಏನನ್ನೂ ಕೊಳ್ಳಬಾರದೆಂಬುದು ನನ್ನ ನಿಯಮ. ಒಬ್ಬ ವ್ಯಾಪಾರಿ ನನ್ನನ್ನು ಪೊಲೀಸಿನವನೆಂದೇ ತಿಳಿದನು. ಅಪಘಾತದಲ್ಲಿ ಪೂರ್ಣ ನಷ್ಟವೆಂದು ವಿಮೆಯವರು ವಿಲೇವಾರಿ ಮಾಡಿದ್ದ ಮಹೀಂದ್ರ ಸ್ಕಾರ್ಪಿಯೊ ಒಂದರ 2.2 ಲೀಟರ್ ಡೀಸೆಲ್ ಎಂಜಿನ್, ಗೇರು ಪೆಟ್ಟಿಗೆ, ಹಿಂದಿನ ಆಕ್ಸಲ್ ಮೂರೂ ಒಟ್ಟಿಗೆ ದೊರೆತವು. 120 ಅಶ್ವಶಕ್ತಿಯ ಎಂಜಿನ್. ರೇಸಿನವರು ನಗುವಷ್ಟು ಸಾಮಾನ್ಯ. ಆದರೆ ಹಿಂಚಕ್ರಗಳಿಗೆ ಶಕ್ತಿ ಕೊಡುವ ಬಗೆಯದು, ಬಿಡಿಭಾಗಗಳು ಯಾವ ಮೂಲೆಯಲ್ಲಿಯೂ ಸಿಗುವಂತಹುದು. ಉಳಿದ ಸಣ್ಣ ಸಾಮಾನುಗಳೆಲ್ಲ ಜನರಲ್ ಪ್ಯಾಟರ್ಸ್ ರಸ್ತೆಯ ಅಂಗಡಿಗಳಲ್ಲಿ ದೊರೆತವು. ಆ ಎಂಜಿನ್ ಷೆಡ್ಡಿನ ಮೂಲೆಯಲ್ಲಿ ಗೋಣಿ ಹೊದ್ದು ಹತ್ತು ತಿಂಗಳು ಕಾಯಬೇಕಾಯಿತು. ಏಕೆಂದರೆ ಪಂಜರ ಇನ್ನೂ ಆಗಿರಲಿಲ್ಲ.

ಪಂಜರವೂ ಬ್ರೇಕೂ

ಪಂಜರವೆಂದರೆ ಕಾರು ಮಗುಚಿದರೂ ಚಾಲಕನ ಸುತ್ತಲಿನ ಜಾಗ ಕುಗ್ಗದಂತೆ ಕಾಯುವ ಉಕ್ಕಿನ ಕೊಳವೆಗಳ ಚೌಕಟ್ಟು. ಅಂತಾರಾಷ್ಟ್ರೀಯ ನಿಯಮಗಳಂತೆ ಮುಖ್ಯ ಕಮಾನಿಗೆ 45 ಮಿಲಿಮೀಟರ್ ವ್ಯಾಸದ, 2.5 ಮಿಲಿಮೀಟರ್ ದಪ್ಪದ, ಬೆಸುಗೆಯ ಸಂದಿಲ್ಲದ ಕೊಳವೆ ಬೇಕು. ನೀರಿನ ಕೊಳಾಯಿಯ ಪೈಪು ಆಗದು. ಇಲ್ಲಿ ನಾವು ಒಮ್ಮೆ ಎಡವಿದೆವು. ಹತ್ತಿರದ ವರ್ಕ್‌ಷಾಪೊಂದರಲ್ಲಿ ಮಾಡಿಸಿದ ಮೊದಲ ಪಂಜರವು ನೋಡಲು ಅಂದವಾಗಿತ್ತು. ಪರೀಕ್ಷೆಗೆಂದು ಒಂದು ಸಂದನ್ನು ಗರಗಸದಿಂದ ಕೊಯ್ದು ನೋಡಿದಾಗ, ಬೆಸುಗೆ ಮೇಲ್ಮೈಯಲ್ಲಿ ಮಾತ್ರ ಹಿಡಿದಿತ್ತು; ಒಳಗೆ ಇಳಿದಿರಲಿಲ್ಲ. 31,000 ರೂಪಾಯಿಗಳ ಕೆಲಸ. ಹುಡುಗನು ನನ್ನ ಮುಖ ನೋಡಿದನು. ನಾನು ಅದನ್ನು ವಸೂಲಾಗದ ಸಾಲವೆಂದು ಬರೆದುಹಾಕಿ, ಒತ್ತಡದ ಪಾತ್ರೆಗಳನ್ನು ಬೆಸೆದು ಅನುಭವವಿದ್ದ ನಿವೃತ್ತ ಕುಶಲಿಯೊಬ್ಬರಿಂದ ಎಲ್ಲವನ್ನೂ ಹೊಸದಾಗಿ ಮಾಡಿಸಿದೆ. ಹಳೆಯ ಕಾರಿನ ಚಾಸಿಸ್ಸಿಗೆ ಅಗಲವಾದ ಉಕ್ಕಿನ ಫಲಕಗಳನ್ನು ಕೂಡಿಸಿ, ಅವುಗಳ ಮೇಲೆ ಪಂಜರದ ಕಾಲುಗಳನ್ನು ನಿಲ್ಲಿಸಿದರು. ನೆಲಕ್ಕೆ ಹೊಸ ತಗಡು ಬಂದಿತು.

ಇನ್ನು ಬ್ರೇಕು. ವೇಗ ಎರಡರಷ್ಟಾದರೆ ಕಾರಿನಲ್ಲಿ ತುಂಬಿಕೊಳ್ಳುವ ಶಕ್ತಿ ನಾಲ್ಕರಷ್ಟಾಗುತ್ತದೆ. ಚಕ್ರಬಡ್ಡಿಗಿಂತ ಕ್ರೂರವಾದ ಲೆಕ್ಕವಿದು. ಇದನ್ನು ನನ್ನ ಸೋದರಳಿಯನೇ ನನಗೆ ಒಂದು ಉದಾಹರಣೆಯಿಂದ ವಿವರಿಸಿದನು. ಅಣ್ಣಾ ಸಾಲೈಯ ಎಲ್.ಐ.ಸಿ. ಕಟ್ಟಡದ ಎತ್ತರ 177 ಅಡಿ. ಅದರ ಮಾಳಿಗೆಯಿಂದ ಕಾರೊಂದು ಬಿದ್ದರೆ ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ ಸುಮಾರು 117 ಕಿಲೋಮೀಟರ್. ಅಂದರೆ ಗಂಟೆಗೆ 117 ಕಿಲೋಮೀಟರಿನಲ್ಲಿ ಹೋಗುತ್ತಾ ಗೋಡೆಗೆ ಬಡಿಯುವುದೂ ಎಲ್.ಐ.ಸಿ. ಕಟ್ಟಡದಿಂದ ಬೀಳುವುದೂ ಒಂದೇ. ಇದನ್ನು ಹೇಳಿ ಮುಗಿಸಿ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದನು. ಬಳಿಕ, “ಆ ರಾತ್ರಿ ನಾವು ಅದಕ್ಕಿಂತ ವೇಗವಾಗಿ ಹೋಗುತ್ತಿದ್ದೆವು ಮಾವಾ,” ಎಂದನು. ಒಂದು ವರ್ಷದಿಂದ ಅವನ ಬಾಯಿಂದ ಆ ರಾತ್ರಿಯ ಮಾತು ಬಂದಿರಲಿಲ್ಲ.

ಮುಂಚಕ್ರಗಳಿಗೆ ಡಿಸ್ಕ್ ಬ್ರೇಕು, ಎರಡು ಪ್ರತ್ಯೇಕ ಎಣ್ಣೆಮಾರ್ಗಗಳು. ಒಂದು ಸೋರಿದರೂ ಇನ್ನೊಂದು ಹಿಡಿಯಬೇಕು. ಶಕ್ತಿಯನ್ನು ಹಿಂದಕ್ಕೊಯ್ಯುವ ಷಾಫ್ಟು ಮುರಿದರೆ ನೆಲಕ್ಕೆ ಕುಟ್ಟಿ ಕಾರನ್ನೇ ಎತ್ತೀತು. ಆದ್ದರಿಂದ ಅದರ ಸುತ್ತ ಒಂದು ಉಕ್ಕಿನ ಬಳೆ. ಹೊರಗಿನವರೂ ಕೈಯಿಟ್ಟು ವಿದ್ಯುತ್ತನ್ನು ಕಡಿಯಲು ಹಿಂಭಾಗದಲ್ಲಿ ಒಂದು ಸ್ವಿಚ್ಚು. ಭುಜ, ಸೊಂಟ, ತೊಡೆಗಳನ್ನು ಬಿಗಿಯುವ ಪಟ್ಟಿ. ಬೆಂಕಿ ನಂದಿಸುವ ಸಿಲಿಂಡರು. ಬೆಂಕಿ ತಡೆಯುವ ಉಡುಪು, ಶಿರಸ್ತ್ರಾಣ. ಪಂಜರದ ಕಾರಿನಲ್ಲಿ ಶಿರಸ್ತ್ರಾಣವಿಲ್ಲದೆ ಕೂರುವುದು, ಬರಿಯ ಉಕ್ಕಿಗೆ ತಲೆಯೊಡ್ಡಿದಂತೆಯೇ ಸರಿ.

ಲೆಕ್ಕಪತ್ರ

ಜಮಾಖರ್ಚನ್ನು ಕೊಡದಿದ್ದರೆ ನನ್ನ ವೃತ್ತಿಗೆ ದ್ರೋಹವಾದೀತು. ಬರೆದುಹಾಕಿದ ಮೊದಲ ಪಂಜರವನ್ನು ಬಿಟ್ಟು, ಒಟ್ಟು ಖರ್ಚು 4,86,000 ರೂಪಾಯಿ. ಅದರ ವಿವರ: ಎಂಜಿನ್, ಗೇರು ಪೆಟ್ಟಿಗೆ, ಆಕ್ಸಲ್‌ಗಳಿಗೆ 1,35,000; ವಿದ್ಯುತ್ ಜೋಡಣೆ, ರೇಡಿಯೇಟರ್, ಇಂಧನ ಟ್ಯಾಂಕಿಗೆ 41,000; ಪಂಜರಕ್ಕೆ 82,000; ಬ್ರೇಕು, ಚಕ್ರ, ಟೈರುಗಳಿಗೆ 74,000; ಆಸನ, ಪಟ್ಟಿ, ಉಡುಪು, ಶಿರಸ್ತ್ರಾಣ, ಅಗ್ನಿಶಾಮಕಕ್ಕೆ 96,000; ಸಾಗಣೆ ಮತ್ತು ಪಥದ ಬಾಡಿಗೆಗೆ 38,000; ಇತರೆ 20,000. ಓಡಿಸುವುದಕ್ಕೆ ತಗಲಿದ್ದು 1,76,000 ರೂಪಾಯಿ; ನಿಲ್ಲಿಸುವುದಕ್ಕೂ ಕಾಪಾಡುವುದಕ್ಕೂ ತಗಲಿದ್ದು 2,52,000 ರೂಪಾಯಿ. ಅರ್ಧಕ್ಕಿಂತ ಹೆಚ್ಚು.

ಇದರಲ್ಲಿ ಸುಮಾರು ಮೂರನೆಯ ಒಂದು ಭಾಗವನ್ನು ಸೋದರಳಿಯನು 2023ರಲ್ಲಿ ಕೆಲಸಕ್ಕೆ ಸೇರಿದ ಮೇಲೆ ತಿಂಗಳ ಕಂತುಗಳಲ್ಲಿ ತೀರಿಸುತ್ತಿದ್ದಾನೆ. ಉಳಿದದ್ದನ್ನು ನಾನು ಕೇಳುವುದಿಲ್ಲ. ಆಸ್ಪತ್ರೆಯಲ್ಲಿ ಆ ಇನ್ನೊಬ್ಬ ಹುಡುಗನಿಗೆ ತಗಲಿದ ಒಟ್ಟು ವೆಚ್ಚವು ಇದಕ್ಕಿಂತ ಹೆಚ್ಚಾಗಿತ್ತು.

ಹದಿನೆಂಟು ಸೆಕೆಂಡು

2024ರ ಫೆಬ್ರವರಿಯ ಒಂದು ಬೆಳಿಗ್ಗೆ, ಕಾರನ್ನು ಲಾರಿಯ ಮೇಲೇರಿಸಿ, ನಗರದ ಹೊರಗೆ ಬಾಡಿಗೆಗೆ ಪಡೆದ ಖಾಸಗಿ ಪಥಕ್ಕೆ ಕೊಂಡೊಯ್ದೆವು. ಆಂಬುಲೆನ್ಸ್ ಬಂದು ನಿಲ್ಲುವವರೆಗೆ ಎಂಜಿನ್ನನ್ನು ಚಾಲೂ ಮಾಡಕೂಡದೆಂದು ಪಥದವರ ನಿಯಮ; ನನಗೆ ಅವರ ಮೇಲೆ ಗೌರವ ಮೂಡಿತು. ತೂಕಸೇತುವೆಯಲ್ಲಿ ಚಾಲಕನೂ ಸೇರಿ 1,290 ಕಿಲೋಗ್ರಾಂ ತೂಗಿತ್ತು. ಮಾವನವರ ಕಾಲದ ದುಂಡನೆಯ ಮೂಗು, ಮೇಲ್ಛಾವಣಿ ಹಾಗೆಯೇ ಇದ್ದವು. ಹಿಂದಿನ ಆಸನವಿದ್ದ ಕಡೆ ಉಕ್ಕಿನ ಕೊಳವೆಗಳು.

ಮೊದಲ ಮೂರು ಓಟಗಳು ಅರ್ಧ ದೂರಕ್ಕೆ ಮಾತ್ರ. ಓಡಿ ನಿಲ್ಲುವುದು, ಓಡಿ ನಿಲ್ಲುವುದು. ಪ್ರತಿ ಸಲವೂ ಬ್ರೇಕಿನ ಬಿಸಿಯನ್ನು ಅಳೆದರು. ಎರಡನೆಯ ಸಲ ಕಾರು ಎಡಕ್ಕೆ ಎಳೆಯಿತೆಂದು ಒಂದು ಗಂಟೆ ನಿಲ್ಲಿಸಿ ಸರಿಪಡಿಸಿದರು. ನಾಲ್ಕನೆಯ ಓಟ ಪೂರ್ತಿ 402 ಮೀಟರ್. 18.2 ಸೆಕೆಂಡು, ಕೊನೆಯಲ್ಲಿ ಗಂಟೆಗೆ 118 ಕಿಲೋಮೀಟರ್. ಅಮೆರಿಕೆಯ ಅತಿವೇಗದ ಕಾರುಗಳು 1,000 ಅಡಿಯನ್ನು ನಾಲ್ಕು ಸೆಕೆಂಡಿನೊಳಗೆ ಕ್ರಮಿಸಿ ಗಂಟೆಗೆ 530 ಕಿಲೋಮೀಟರ್ ದಾಟುತ್ತವೆ. ಇಂದಿನ ಮಧ್ಯಮ ವರ್ಗದ ಕುಟುಂಬದ ಕಾರುಗಳಲ್ಲಿಯೇ ಎಷ್ಟೋ ನಮ್ಮದಕ್ಕಿಂತ ಮುಂದೆ ಹೋದಾವು. ಆದರೆ ಆ 18 ಸೆಕೆಂಡುಗಳಲ್ಲಿ ನಾನು ಉಸಿರಾಡಿದ ನೆನಪಿಲ್ಲ.

ಸಮಯವನ್ನು ಬರೆದುಕೊಂಡವನು, ಊರುಗೋಲನ್ನು ಪಕ್ಕದಲ್ಲಿಟ್ಟು ಮೇಜಿನ ಬಳಿ ಕುಳಿತಿದ್ದ ಆ ಇನ್ನೊಬ್ಬ ಹುಡುಗ. ಅವನು ಅಂಕಿಯನ್ನು ಎರಡು ಸಲ ಓದಿ, “ಇದಕ್ಕಾಗಿಯೇ ಎರಡು ವರ್ಷವೇ?” ಎಂದು ನಕ್ಕನು. ಎಲ್ಲರೂ ನಕ್ಕರು. ನಂತರ ಕಾರಿನ ಬಳಿಗೆ ಬಂದು, ಪಂಜರದ ಮೇಲೆ ಕೈಯಿಟ್ಟು ನಿಂತುಬಿಟ್ಟನು. ಮನೆಗೆ ಬಂದು ಅತ್ತೆಯವರಿಗೆ ವೇಗವನ್ನು ಹೇಳಿದಾಗ ಅವರು ಕೇಳಿದ್ದು, “ಸರಿಯಾಗಿ ನಿಂತಿತೇ?” ಎಂದು ಮಾತ್ರ.

ಇತ್ತೀಚೆಗೆ ಸೋದರಳಿಯನು ಅಧಿಕೃತ ಸ್ಪರ್ಧೆಗಳಿಗೆ ಬೇಕಾದ ಪರವಾನಗಿಯ ಕ್ರಮವನ್ನು ವಿಚಾರಿಸುತ್ತಿದ್ದಾನೆ. ದೇಶದ ಮೋಟಾರು ಕ್ರೀಡೆಯನ್ನು ನಿಯಂತ್ರಿಸುವ ಒಕ್ಕೂಟದ ಕಚೇರಿ ಇರುವುದು ನಮ್ಮ ಚೆನ್ನೈಯಲ್ಲಿಯೇ. ಗೆಲ್ಲುವ ಆಸೆ ಅವನಿಗಿಲ್ಲವೆಂದಲ್ಲ. ಆದರೆ ಈಗ ರಸ್ತೆಯಲ್ಲಿ ನನ್ನ ಕಾರನ್ನು ಓಡಿಸುವಾಗ ಅವನು ಮುಂದಿನ ವಾಹನದಿಂದ ಬಿಡುವ ಅಂತರವನ್ನು ನೋಡಿ, ಹಿಂದಿನವರು ಹಾರ್ನ್ ಬಾರಿಸುತ್ತಾರೆ.

ಪರಸ್ಥಳದಲ್ಲಿ ನೆಲೆಸಿದ ನಮ್ಮ ಮನೆಗಳಿಗೆ ಊರಿನಿಂದ ಓದಲೆಂದು ಬಂದ ಹುಡುಗರು ಅನೇಕರಿದ್ದಾರೆ. ಅವರ ಊಟ, ಫೀಸು, ಅಂಕಪಟ್ಟಿಗಳನ್ನು ವಿಚಾರಿಸುತ್ತೇವೆ. ವಾಹನ ಕೊಡಿಸುತ್ತೇವೆ, ಜಾಮೀನು ಹಾಕುತ್ತೇವೆ. ಎಲ್ಲರಿಗೂ ಷೆಡ್ಡಿನಲ್ಲಿ ಷೆವರ್ಲೆ ಇರುವುದಿಲ್ಲ, ಬೇಕಾಗಿಯೂ ಇಲ್ಲ. ಆದರೆ ಅವರ ಮನಸ್ಸಿನಲ್ಲಿರುವ ವೇಗಕ್ಕೆ ಒಂದು ಪಥವನ್ನೂ ಒಂದು ಬ್ರೇಕನ್ನೂ ಒದಗಿಸುವುದು ಹಿರಿಯರಾದ ನಮ್ಮ ಹೊಣೆಯೆಂದು ನಾನು ತಡವಾಗಿ ಕಲಿತೆ. ಜಾಮೀನು ಹಾಕುವ ಮುನ್ನ, ರಾತ್ರಿ ಎಲ್ಲಿಗೆ ಹೋಗುತ್ತೀಯಪ್ಪಾ ಎಂದು ಒಮ್ಮೆ ಕೇಳಿರೆಂದು ಸಂಘದ ಎಲ್ಲ ಬಂಧುಗಳಲ್ಲಿ ವಿನಂತಿಸುತ್ತಾ ಈ ಬರಹವನ್ನು ಮುಗಿಸುತ್ತೇನೆ.